ಟಂಟಂ, ಕಬ್ಬಿನ ಟ್ರ್ಯಾಕ್ಟರ್, ಚಕ್ಕಡಿ: ಸಿಮ್ಯುಲೇಶನ್ ಪಟ್ಟಿಗಳಲ್ಲಿ ನಮ್ಮ ಗಾಡಿಗಳಿಗೆ ಜಾಗ ಮಾಡುವ ಬಗೆ

ಕಬ್ಬಿನ ಹಂಗಾಮಿನಲ್ಲಿ ಮುಧೋಳ–ಜಮಖಂಡಿ ರಸ್ತೆಯನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು ಅಂದುಕೊಳ್ಳಿ. ಸಂಜೆಯ ಹೊತ್ತು. ಮುಂದೆ ಎರಡು ಟ್ರೇಲರ್ ಎಳೆಯುತ್ತಿರುವ ಟ್ರ್ಯಾಕ್ಟರ್. ಅದರ ಹಿಂದೆ ಸಾರಿಗೆ ಬಸ್. ಎದುರಿಗೆ ಜನ ತುಂಬಿದ ಟಂಟಂ, ಅಂದರೆ ಏಳೆಂಟು ಜನ ಕೂರುವ ಮೂರು ಗಾಲಿಯ ಗಾಡಿ. ರಸ್ತೆಯ ಅಂಚಿಗೆ ಒಂದು ಚಕ್ಕಡಿ, ಅಂದರೆ ಎತ್ತಿನ ಗಾಡಿ. ಚಾಲಕನಿಗೆ ನೆರವಾಗುವ ಸಾಫ್ಟ್‌ವೇರ್ ಇಂಥ ಕಡೆ ಏನು ಮಾಡುತ್ತದೆ ಎಂದು ಪರೀಕ್ಷಿಸುವುದು ನಿಮ್ಮ ಪ್ರಾಜೆಕ್ಟ್.

ಸಿಮ್ಯುಲೇಶನ್ ಫೈಲ್ ಬರೆಯಲು ಕೂತ ಕೂಡಲೇ ಸಾಫ್ಟ್‌ವೇರ್ ಕೇಳುತ್ತದೆ: ಈ ಗಾಡಿಯ ವರ್ಗ ಯಾವುದು? ಬಸ್ಸಿಗೆ ಎಲ್ಲ ಕಡೆ ಉತ್ತರ ಇದೆ. ಉಳಿದ ಮೂರಕ್ಕೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೇಳುತ್ತದೆ, ಇಲ್ಲವೇ ಏನೂ ಹೇಳುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗಾಗಿ ಈ ಬರಹ. ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದರೆ ಸಾಕು. ಜಾಸ್ತಿ ಕೆಲಸ ಇರುವುದು ತಾಳ್ಮೆಯಿಂದ ಪಟ್ಟಿ ಮಾಡುವುದರಲ್ಲಿ.

ಯಾವ ಪಟ್ಟಿ ಯಾತಕ್ಕೆ

ಮೊದಲು ಆಟಗಾರರ ಪರಿಚಯ. ಓಪನ್‌ಡ್ರೈವ್ ಎಂಬುದು ರಸ್ತೆಯನ್ನು ಬರೆದಿಡುವ ಮಾನದಂಡ. ಎಷ್ಟು ಲೇನ್, ಎಲ್ಲಿ ತಿರುವು, ಯಾವ ಲೇನಿನಲ್ಲಿ ಯಾರು ಹೋಗಬಹುದು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಓಪನ್‌ಸಿನಾರಿಯೊ ಆ ರಸ್ತೆಯ ಮೇಲೆ ನಡೆಯುವುದನ್ನು ಬರೆಯುತ್ತದೆ. ಯಾವ ಗಾಡಿ ಎಲ್ಲಿಂದ ಹೊರಡುತ್ತದೆ, ಯಾವಾಗ ಬ್ರೇಕ್ ಹಾಕುತ್ತದೆ, ಇತ್ಯಾದಿ. ಮೂರನೆಯದು ಓಪನ್ ಸಿಮ್ಯುಲೇಶನ್ ಇಂಟರ್‌ಫೇಸ್, ಚಿಕ್ಕದಾಗಿ ಒಎಸ್‌ಐ. ಸಿಮ್ಯುಲೇಶನ್ ಓಡುತ್ತಿರುವಾಗ ಕ್ಯಾಮೆರಾ, ರೇಡಾರ್ ಮಾದರಿಗಳಿಗೆ "ಸುತ್ತ ಏನೇನಿದೆ" ಎಂದು ತಿಳಿಸುವ ಸಂದೇಶಗಳ ರೂಪ ಅದು. ಈ ಮೂರನ್ನೂ ಈಗ ನೋಡಿಕೊಳ್ಳುವುದು ಜರ್ಮನಿಯ ಎಎಸ್‌ಎಎಂ ಸಂಸ್ಥೆ. ಸುಮೊ ಮಾನದಂಡವಲ್ಲ. ಜರ್ಮನಿಯ ವಾಯುಯಾನ ಮತ್ತು ಬಾಹ್ಯಾಕಾಶ ಸಂಶೋಧನಾ ಕೇಂದ್ರ ಡಿಎಲ್‌ಆರ್ ಬೆಳೆಸಿದ ಉಚಿತ ಟ್ರಾಫಿಕ್ ಸಿಮ್ಯುಲೇಟರ್. ಆದರೆ ಸುತ್ತಲಿನ ಟ್ರಾಫಿಕ್ ಓಡಿಸಲು ಬಹಳ ಜನ ಅದನ್ನೇ ಬಳಸುವುದರಿಂದ ಅದರ ಪಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

2020ರಲ್ಲಿ ಬಂದ ಓಪನ್‌ಸಿನಾರಿಯೊ 1.0ರ ವಾಹನ ಪಟ್ಟಿ ತೆರೆದು ನೋಡಿ. ಬೈಸಿಕಲ್, ಬಸ್, ಕಾರ್, ಮೋಟರ್‌ಬೈಕ್, ಸೆಮಿಟ್ರೇಲರ್, ಟ್ರೇಲರ್, ಟ್ರೈನ್, ಟ್ರಾಮ್, ಟ್ರಕ್, ವ್ಯಾನ್. ಹತ್ತೇ ಹೆಸರು. ಟ್ರಾಮ್ ಇದೆ, ಆಟೊ ಇಲ್ಲ! ಮ್ಯೂನಿಕ್ ರಸ್ತೆ ನೋಡಿ ಮಾಡಿದ ಪಟ್ಟಿ ಹಾಗೇ ಇರುತ್ತದೆ. ಅದಕ್ಕೆ ಸಿಟ್ಟಾಗಿ ಪ್ರಯೋಜನ ಇಲ್ಲ, ದಾರಿ ಹುಡುಕಬೇಕು.

ಹೆಜ್ಜೆ 1: ಪಟ್ಟಿ ಮುಚ್ಚಿಡಿ, ರಸ್ತೆ ನೋಡಿ

ಮಾನದಂಡದ ಪುಸ್ತಕ ತೆರೆಯುವ ಮೊದಲು ನಿಮ್ಮ ರಸ್ತೆಯಲ್ಲಿ ಏನೇನು ಓಡುತ್ತದೆ ಎಂದು ಬರೆದುಕೊಳ್ಳಿ. ಮೊಬೈಲಿನಲ್ಲಿ ವಿಡಿಯೊ ತೆಗೆದು, ಆಮೇಲೆ ನಿಧಾನವಾಗಿ ನೋಡಿ ಎಣಿಸಿದರೆ ಒಳ್ಳೆಯದು. ಒಂದೇ ಹೊತ್ತಿನ ವಿಡಿಯೊ ನೆಚ್ಚಬೇಡಿ. ಹಂಗಾಮಿನಲ್ಲಿ ಕಾಣುವ ಕಬ್ಬಿನ ಸಾಲು ಮೇ ತಿಂಗಳಲ್ಲಿ ಇರುವುದಿಲ್ಲ. ವಿಜಯಪುರದ ಗೋಳಗುಮ್ಮಟದ ಕಡೆಯ ರಸ್ತೆಯಾದರೆ ಟಾಂಗಾ ಸೇರಿಸಬೇಕು. ಬೆಳಗಾವಿ ಹೊರಗಿನ ರಾಷ್ಟ್ರೀಯ ಹೆದ್ದಾರಿ 48 ಆದರೆ ಉದ್ದದ ಕಂಟೇನರ್ ಲಾರಿ ಜಾಸ್ತಿ, ಚಕ್ಕಡಿ ಕಡಿಮೆ.

ಒಂದೊಂದು ಗಾಡಿಗೆ ಇಷ್ಟು ಬರೆಯಿರಿ: ಉದ್ದ, ಅಗಲ, ಎತ್ತರ; ಗಾಲಿ ಎಷ್ಟು; ಎಳೆಯುವುದು ಎಂಜಿನ್ನೋ, ಬ್ಯಾಟರಿಯೋ, ಎತ್ತೋ; ಎಷ್ಟು ತುಂಡು ಜೋಡಿಸಿದೆ; ರಸ್ತೆಯಲ್ಲಿ ಸಾಮಾನ್ಯವಾಗಿ ಎಷ್ಟು ವೇಗ; ಏನನ್ನು ಹೊರುತ್ತದೆ. ಹೊರೆಯ ಅಳತೆಯನ್ನು ಬೇರೆ ಬರೆಯಿರಿ. ಖಾಲಿ ಟ್ರೇಲರಿನ ಅಗಲವೇ ಬೇರೆ, ಕಬ್ಬು ಹೇರಿದ ಮೇಲೆ ಎರಡೂ ಬದಿಗೆ ಚಾಚಿಕೊಳ್ಳುವ ಅಗಲವೇ ಬೇರೆ. ಹಿಂದೆ ಬರುವ ಕಾರಿನ ರೇಡಾರ್‌ಗೆ ಕಾಣಿಸುವುದು ಕಬ್ಬಿನ ತುದಿಯೇ.

ಹೆಜ್ಜೆ 2: ಒಂದು ಹೆಸರಿನಲ್ಲಿ ನಾಲ್ಕು ವಿಷಯ ತುರುಕಬೇಡಿ

ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದು ಈ ಹೆಜ್ಜೆಯ ಮೇಲೆ. "ಆಂಬ್ಯುಲೆನ್ಸ್" ಎಂಬುದು ವಾಹನದ ಜಾತಿಯೇ? 108 ಗಾಡಿ ಆಕಾರದಲ್ಲಿ ಒಂದು ವ್ಯಾನ್. ಆಂಬ್ಯುಲೆನ್ಸ್ ಎಂಬುದು ಅದು ಮಾಡುವ ಕೆಲಸ. ಅದೇ ವ್ಯಾನ್ ಶಾಲೆ ಮಕ್ಕಳನ್ನು ಹೊತ್ತರೆ ಕೆಲಸ ಬದಲಾಯಿತು, ಆಕಾರ ಅದೇ. ಹಾಗಾಗಿ ನಾಲ್ಕು ಕಾಲಂ ಮಾಡಿ: ಆಕಾರ, ಕೆಲಸ, ಜೋಡಣೆ, ರಸ್ತೆ ಪ್ರವೇಶ.

ಒಎಸ್‌ಐ ಇದನ್ನು ಸರಿಯಾಗಿಯೇ ಮಾಡಿದೆ. ಅಲ್ಲಿ ವಾಹನದ ಬಗೆ ಒಂದು ಕಡೆ, ಪಾತ್ರ ಇನ್ನೊಂದು ಕಡೆ. ಪಾತ್ರಗಳ ಪಟ್ಟಿಯಲ್ಲಿ ನಾಗರಿಕ, ಆಂಬ್ಯುಲೆನ್ಸ್, ಅಗ್ನಿಶಾಮಕ, ಪೊಲೀಸ್, ಸಾರ್ವಜನಿಕ ಸಾರಿಗೆ, ಕಸ ಸಾಗಣೆ, ರಸ್ತೆ ಕಾಮಗಾರಿ ಮುಂತಾದವು ಬರುತ್ತವೆ. ಓಪನ್‌ಸಿನಾರಿಯೊದಲ್ಲೂ 1.2 ಆವೃತ್ತಿಯಿಂದ ಪಾತ್ರಕ್ಕೆ ಬೇರೆ ಜಾಗ ಸಿಕ್ಕಿದೆ. ಆದರೆ ಕಸ ಸಾಗಣೆ ಅಲ್ಲಿನ ಪಾತ್ರಗಳ ಪಟ್ಟಿಯಲ್ಲಿ ಇಲ್ಲ. ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಪಾಲಿಕೆಯ ಕಸದ ಗಾಡಿ ಒಎಸ್‌ಐನಲ್ಲಿ ತನ್ನ ಕೆಲಸದ ಹೆಸರಿನಲ್ಲೇ ಇರುತ್ತದೆ, ಓಪನ್‌ಸಿನಾರಿಯೊಗೆ ಬಂದ ಕೂಡಲೇ ಸುಮ್ನೆ ಒಂದು ನಾಗರಿಕ ವಾಹನ ಆಗುತ್ತದೆ.

ಸುಮೊ ಕಥೆಯೇ ಬೇರೆ. ಅದರ ವಾಹನ ವರ್ಗದ ಪಟ್ಟಿಯಲ್ಲಿ ಪ್ಯಾಸೆಂಜರ್, ಬಸ್, ಟ್ರಕ್ ಜೊತೆಗೇ ಎಮರ್ಜೆನ್ಸಿ, ಆರ್ಮಿ, ಟ್ಯಾಕ್ಸಿ ಕೂಡ ಇವೆ. ಆಕಾರ, ಕೆಲಸ ಎಲ್ಲ ಒಂದೇ ಬುಟ್ಟಿಯಲ್ಲಿ. ಅದಕ್ಕೆ ಕಾರಣವೂ ಇದೆ. ಸುಮೊದಲ್ಲಿ ವರ್ಗದ ಮುಖ್ಯ ಉಪಯೋಗ ಲೇನ್ ಪ್ರವೇಶ. ಈ ಲೇನಿನಲ್ಲಿ ಯಾರನ್ನು ಬಿಡಬೇಕು ಎಂಬ ಪ್ರಶ್ನೆಗೆ ಆಂಬ್ಯುಲೆನ್ಸಿನ ಆಕಾರ ಬೇಕಾಗಿಲ್ಲ. ತೊಂದರೆ ಬರುವುದು ವಾಪಸ್ ಬರುವಾಗ. ವ್ಯಾನ್ ಮತ್ತು ಆಂಬ್ಯುಲೆನ್ಸ್ ಎರಡೂ ಸೇರಿ ಸುಮೊದಲ್ಲಿ "ಎಮರ್ಜೆನ್ಸಿ" ಆಗುತ್ತವೆ. "ಎಮರ್ಜೆನ್ಸಿ"ಯಿಂದ ತಿರುಗಿ ಬಂದರೆ ಅದು ಆಂಬ್ಯುಲೆನ್ಸ್ ವ್ಯಾನೋ ಅಗ್ನಿಶಾಮಕ ಲಾರಿಯೋ ಹೇಳುವವರು ಯಾರು?

ಹೆಜ್ಜೆ 3: ನಡುವೆ ನಿಮ್ಮದೇ ಒಂದು ಪಟ್ಟಿ

ಪ್ರತಿ ಮಾನದಂಡದಿಂದ ಇನ್ನೊಂದಕ್ಕೆ ನೇರ ಕೋಷ್ಟಕ ಮಾಡಲು ಹೋಗಬೇಡಿ. ನಾಲ್ಕು ಪಟ್ಟಿ ಇದ್ದರೆ ಹೋಗುವುದು, ಬರುವುದು ಸೇರಿ 12 ಕೋಷ್ಟಕ ಬೇಕು. ನಡುವೆ ನಿಮ್ಮದೊಂದು ಪಟ್ಟಿ ಇಟ್ಟರೆ 8 ಸಾಕು. ಪಟ್ಟಿ ಆರಾದರೆ 30 ಮತ್ತು 12. ಮುಂದಿನ ವರ್ಷ ಜೂನಿಯರ್‌ಗಳು ಇದನ್ನು ಮುಂದುವರಿಸುವಾಗ ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಡುವಿನ ಪಟ್ಟಿ ಉಳಿದೆಲ್ಲಕ್ಕಿಂತ ವಿವರವಾಗಿರಬೇಕು. ವಿವರ ಕಡಿಮೆ ಮಾಡಿಕೊಳ್ಳುವುದು ಯಾವಾಗ ಬೇಕಾದರೂ ಆಗುತ್ತದೆ, ಕಳೆದುಹೋದದ್ದನ್ನು ವಾಪಸ್ ತರಲು ಆಗುವುದಿಲ್ಲ. ಹೆಸರುಗಳನ್ನು ಎಲ್ಲಿಂದ ತರುವುದು? ಎರಡು ಆಸರೆ ಇವೆ.

ಒಂದು, ಕಾನೂನು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಪದ್ಧತಿಯಲ್ಲಿ ವಾಹನಗಳಿಗೆ ಎಲ್, ಎಂ, ಎನ್, ಒ ಎಂಬ ಗುಂಪುಗಳಿವೆ. ಭಾರತವೂ ಹೆಚ್ಚುಕಡಿಮೆ ಅದನ್ನೇ ಬಳಸುತ್ತದೆ. ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗೆ ಎಂ1. ಸರಕು ಗಾಡಿ 3.5 ಟನ್‌ವರೆಗೆ ಎನ್1, 12 ಟನ್‌ವರೆಗೆ ಎನ್2, ಅದರ ಮೇಲೆ ಎನ್3. ಮೂರು ಗಾಲಿಯವು ಎಲ್5. ನಮ್ಮಲ್ಲಿ ಜನರನ್ನು ಹೊರುವ ಆಟೊ ಎಲ್5ಎಂ, ಸರಕಿನ ಆಟೊ ಎಲ್5ಎನ್. ಟಂಟಂ ಆರ್‌ಸಿ ನೋಡಿದರೆ ಗುಂಪು ತಿಳಿಯುತ್ತದೆ. ಕಾನೂನನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನವೇ ಅಲ್ಲ. ಕಾರ್ಖಾನೆಯ ಗೇಟಿನ ಮುಂದೆ ನಿಂತ ಕಬ್ಬಿನ ಸಾಲು ನೋಡಿದವರಿಗೆ ಇದು ಸ್ವಲ್ಪ ತಮಾಷೆ ಅನಿಸಬಹುದು.

ಎರಡನೆಯದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಹಳ್ಳಿಗಾಡಿನ ರಸ್ತೆಗಳ ಸಾಮರ್ಥ್ಯದ ಬಗ್ಗೆ ಅವರ 1990ರ ಐಆರ್‌ಸಿ 64 ಎಂಬ ಕೈಪಿಡಿ ಇದೆ. ಒಂದು ಗಾಡಿ ರಸ್ತೆಯಲ್ಲಿ ಎಷ್ಟು ಕಾರಿಗೆ ಸಮ ಎಂದು ಅದು ಲೆಕ್ಕ ಕೊಡುತ್ತದೆ. ಬೈಕ್ 0.5, ಕಾರ್ ಮತ್ತು ಆಟೊ 1, ಬಸ್ ಅಥವಾ ಲಾರಿ 3, ಟ್ರೇಲರ್ ಸಮೇತ ಟ್ರ್ಯಾಕ್ಟರ್ 4.5, ಕುದುರೆ ಗಾಡಿ 4, ಚಕ್ಕಡಿ 8. ಬಸ್ಸಿಗಿಂತ ಚಕ್ಕಡಿ ದೊಡ್ಡದು ಎಂದು ಇದರ ಅರ್ಥ ಅಲ್ಲ. ನಿಧಾನವಾಗಿ ಹೋಗಿ ಹಿಂದೆ ಸಾಲು ಕಟ್ಟಿಸುವುದರಿಂದ ಆ ಅಂಕಿ. ಮಾನದಂಡಗಳು ಮರೆತ ಗಾಡಿಗಳಿಗೆ ನಮ್ಮ ಎಂಜಿನಿಯರ್‌ಗಳು ಎಂದೋ ಜಾಗ ಕೊಟ್ಟಿದ್ದಾರೆ. ಈ ಸಾಲುಗಳನ್ನು ಹಾಗೇ ಎತ್ತಿಕೊಳ್ಳಿ.

ಹೆಜ್ಜೆ 4: ಸಾಲು ಸಾಲಾಗಿ ಹೊಂದಿಸಿ, ಸಂಬಂಧವನ್ನೂ ಬರೆಯಿರಿ

ಈಗ ಪ್ರತಿ ಸಾಲಿನ ಮುಂದೆ ಒಂದೊಂದು ಮಾನದಂಡದ ಹೆಸರು ಬರೆಯುತ್ತಾ ಹೋಗಿ. ಪಕ್ಕದಲ್ಲಿ ಸಂಬಂಧ ಎಂಥದ್ದು ಎಂದೂ ಬರೆಯಬೇಕು: ಸರಿಸಮ, ಆ ಕಡೆಯದು ದೊಡ್ಡ ಗುಂಪು, ಆ ಕಡೆಯದು ಚಿಕ್ಕ ಗುಂಪು, ಅಥವಾ ಜೋಡಿಯೇ ಇಲ್ಲ. ಈ ಸಂಬಂಧದ ಕಾಲಂ ಇಲ್ಲದ ಕೋಷ್ಟಕ ನೋಡಲು ಚೆಂದ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಕಾರು ಸುಲಭ ಅನಿಸುತ್ತದೆ ಅಲ್ವಾ? ಓಪನ್‌ಸಿನಾರಿಯೊದಲ್ಲಿ ಕಾರ್ ಒಂದೇ. ಒಎಸ್‌ಐನಲ್ಲಿ ಸಣ್ಣ ಕಾರು, ಕಾಂಪ್ಯಾಕ್ಟ್, ಮಧ್ಯಮ, ಲಕ್ಸುರಿ ಎಂದು ಉದ್ದದ ಮೇಲೆ ಭಾಗ ಮಾಡಿದ್ದಾರೆ. 4 ಮೀಟರ್‌ವರೆಗಿನ ಹ್ಯಾಚ್‌ಬ್ಯಾಕ್ ಸಣ್ಣದು, 4ರಿಂದ 4.5 ಮೀಟರಿನ ಹ್ಯಾಚ್‌ಬ್ಯಾಕ್ ಕಾಂಪ್ಯಾಕ್ಟ್, 5 ಮೀಟರ್ ದಾಟಿದ್ದು ಲಕ್ಸುರಿ. ಉದ್ದ ಗೊತ್ತಿದ್ದರೆ ಒಂದು ಸಾಲಿನ ಕೋಡ್ ಸಾಕು ಎನ್ನುವಷ್ಟರಲ್ಲಿ ನಮ್ಮ ಟ್ಯಾಕ್ಸಿ ಅಡ್ಡ ಬರುತ್ತದೆ. ಸ್ವಿಫ್ಟ್ ಡಿಸೈರ್ ಉದ್ದ 3.995 ಮೀಟರ್, ಆದರೆ ಅದು ಡಿಕ್ಕಿ ಇರುವ ಸೆಡಾನ್. ಭಾರತದ ತೆರಿಗೆ ಲೆಕ್ಕಕ್ಕೆ ಹುಟ್ಟಿದ ಆಕಾರ ಅದು. ಒಎಸ್‌ಐ ವ್ಯಾಖ್ಯೆಯಲ್ಲಿ ಅದಕ್ಕೆ ಸರಿಯಾದ ಜಾಗ ಇಲ್ಲ. ಉದ್ದವನ್ನೇ ನಂಬಿ "ಸಣ್ಣ ಕಾರು" ಎಂದು ಹಾಕಿ, ಸಂಬಂಧದಲ್ಲಿ "ಪೂರ್ತಿ ಸರಿಸಮ ಅಲ್ಲ" ಎಂದು ಬರೆಯಿರಿ.

ಟಂಟಂ ಮತ್ತು ಆಟೊಗೆ ಓಪನ್‌ಸಿನಾರಿಯೊದಲ್ಲಿ ಜೋಡಿಯೇ ಇಲ್ಲ. ಕೆಲವರು ಮೋಟರ್‌ಬೈಕ್ ಎನ್ನುತ್ತಾರೆ, ಹ್ಯಾಂಡಲ್ ಇದೆಯಲ್ಲ ಎಂದು. ನಾನು ಕಾರ್ ಎಂದೇ ಹಾಕಲು ಹೇಳುತ್ತೇನೆ. ಬೈಕ್ ಎಂದರೆ ಪರೀಕ್ಷೆಯ ಮುಂದಿನ ಹಂತದಲ್ಲಿ ಅದನ್ನು ಸೈಕಲ್, ಬೈಕ್ ಸವಾರರ ಗುಂಪಿಗೆ ಸೇರಿಸಿ ಬೇರೆ ನಿಯಮ ಹಚ್ಚುವ ಸಾಫ್ಟ್‌ವೇರ್‌ಗಳಿವೆ. ಏಳೆಂಟು ಜನ ಕೂತ ಡಬ್ಬಿಗೆ ಆ ನಿಯಮ ಹೊಂದುವುದಿಲ್ಲ. ಕಾರ್ ಎಂದು ಹಾಕಿದ ಮೇಲೆ ನಿಜವಾದ ಅಳತೆ ಕೊಡಿ, ಮುಂದಿನ ಅಚ್ಚಿನಲ್ಲಿ ಗಾಲಿಗಳ ನಡುವಿನ ಅಂತರ ಸೊನ್ನೆ ಎಂದು ಕೊಡಿ. ಓಪನ್‌ಸಿನಾರಿಯೊ ವಾಹನಕ್ಕೆ ನಿಮ್ಮದೇ ಗುಣಗಳನ್ನು ಹೆಸರು–ಬೆಲೆ ಜೋಡಿಯಾಗಿ ಸೇರಿಸಲು ಬಿಡುತ್ತದೆ. ಅಲ್ಲಿ ನಿಮ್ಮ ನಡುವಿನ ಪಟ್ಟಿಯ ಸಂಕೇತ ಬರೆಯಿರಿ. ಒಎಸ್‌ಐನಲ್ಲಿ "ಅದರ್" ಎಂದು ಹಾಕಿ, ಗಾಲಿಗಳ ಸಂಖ್ಯೆ ಮೂರು ಎಂದು ಕೊಡಿ. ಸುಮೊದಲ್ಲಿ ವರ್ಗಕ್ಕೆ ಟ್ಯಾಕ್ಸಿ ಅಥವಾ ಪ್ಯಾಸೆಂಜರ್ ಸಾಕು. ತೆರೆಯ ಮೇಲೆ ಕಾಣುವ ಆಕಾರಕ್ಕೆ ರಿಕ್ಷಾ ಎಂಬ ಆಯ್ಕೆ ಇದೆ!

ಒಎಸ್‌ಐನಲ್ಲಿ "ಅನ್‌ನೋನ್", "ಅದರ್" ಎಂದು ಎರಡಿವೆ. ಕಲಸುಮೇಲೋಗರ ಮಾಡಬೇಡಿ. ಏನೆಂದು ಗೊತ್ತಿಲ್ಲದಿದ್ದರೆ ಮೊದಲನೆಯದು. ಗೊತ್ತಿದೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಎರಡನೆಯದು. ಸಿಮ್ಯುಲೇಟರ್ ಕೊಡುವ ನಿಜಸ್ಥಿತಿಯ ಸಂದೇಶದಲ್ಲಿ "ಅನ್‌ನೋನ್" ಬಳಸಲೇಬಾರದು ಎಂದು ಒಎಸ್‌ಐ ನಿಯಮವೇ ಇದೆ. ಗಾಡಿಯನ್ನು ರಸ್ತೆಗೆ ಬಿಟ್ಟವರೇ ನೀವು, ಅದು ಏನೆಂದು ಗೊತ್ತಿಲ್ಲ ಎನ್ನಲು ಆಗುವುದಿಲ್ಲ.

ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಒಂದು ಗುಂಡಿ ಇದೆ. "ಟ್ರೇಲರ್" ಎಂಬ ಹೆಸರು ಓಪನ್‌ಸಿನಾರಿಯೊದಲ್ಲೂ ಇದೆ, ಸುಮೊದಲ್ಲೂ ಇದೆ. ಓಪನ್‌ಸಿನಾರಿಯೊದಲ್ಲಿ ಅದು ಎಳೆಸಿಕೊಳ್ಳುವ ಭಾಗ ಮಾತ್ರ. ಸುಮೊದಲ್ಲಿ ಎಳೆಯುವ ಟ್ರಕ್ ಸಮೇತ ಇಡೀ ಜೋಡಿ. ಹೆಸರು ಒಂದೇ ಎಂದು ಕೋಡ್ ತಾನೇ ಹೊಂದಿಸಿಕೊಂಡರೆ ನಿಮ್ಮ ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್ ಸೇರಿ ಸುಮೊದಲ್ಲಿ ಮೂರು ಬೇರೆ ಬೇರೆ ಲಾರಿಗಳಾಗುತ್ತವೆ. ಓಪನ್‌ಸಿನಾರಿಯೊ 1.3ರಲ್ಲಿ ಟ್ರೇಲರ್ ಕೊಂಡಿಯನ್ನು ಬರೆಯುವ ವ್ಯವಸ್ಥೆ ಬಂದಿದೆ. ಹಳೆಯ ಆವೃತ್ತಿಯಲ್ಲಿದ್ದರೆ ಇದೊಂದಕ್ಕಾಗಿಯಾದರೂ ಹೊಸದಕ್ಕೆ ಬನ್ನಿ. ಒಎಸ್‌ಐನಲ್ಲಿ ಪ್ರತಿ ವಾಹನಕ್ಕೂ "ಟ್ರೇಲರ್ ಇದೆಯೇ, ಇದ್ದರೆ ಅದರ ಗುರುತು ಸಂಖ್ಯೆ ಏನು" ಎಂದು ಬರೆಯಬಹುದು. ಟ್ರ್ಯಾಕ್ಟರ್ ಮೊದಲ ಟ್ರೇಲರಿಗೆ, ಮೊದಲನೆಯದು ಎರಡನೆಯದಕ್ಕೆ ಹೀಗೆ ಸರಪಳಿ ಮಾಡಿ. ಸುಮೊಗೆ ಮಾತ್ರ ಒಂದೇ ಉದ್ದನೆಯ ವಾಹನವಾಗಿ ಕಳಿಸಿ. ಟ್ರ್ಯಾಕ್ಟರಿಗೆ ಎಲ್ಲ ಕಡೆ ಹತ್ತಿರದ ಹೆಸರು ಟ್ರಕ್. ಹಾಗಾಗಿ ಗರಿಷ್ಠ ವೇಗ, ವೇಗ ಹೆಚ್ಚಿಸಿಕೊಳ್ಳುವ ಶಕ್ತಿ ಎರಡನ್ನೂ ಕೈಯಾರೆ ಇಳಿಸಬೇಕು.

ಚಕ್ಕಡಿ, ಟಾಂಗಾಗಳಿಗೆ ನಿಮ್ಮ ಪ್ರಶ್ನೆ ಏನು ಎಂಬುದರ ಮೇಲೆ ಉತ್ತರ. ಟ್ರಾಫಿಕ್ ಎಷ್ಟು ನಿಲ್ಲುತ್ತದೆ ಎಂದು ನೋಡುವುದಾದರೆ ಎತ್ತು, ಗಾಡಿ ಸೇರಿ ಒಂದೇ ವಸ್ತು ಸಾಕು. ಕ್ಯಾಮೆರಾ ಅದನ್ನು ಗುರುತಿಸುತ್ತದೆಯೇ ಎಂದು ನೋಡುವುದಾದರೆ ಎತ್ತುಗಳನ್ನು ಬೇರೆಯಾಗಿ ಇಡಿ. ಒಎಸ್‌ಐನಲ್ಲಿ ಪ್ರಾಣಿ ಎಂಬುದು ವಾಹನ, ಪಾದಚಾರಿಗಳ ಸಾಲಿನಲ್ಲೇ ನಿಲ್ಲುವ ಪ್ರತ್ಯೇಕ ಗುಂಪು. ಓಪನ್‌ಸಿನಾರಿಯೊದಲ್ಲಿ ಪ್ರಾಣಿ ಪಾದಚಾರಿಯ ಒಳಗೆ ಬರುತ್ತದೆ. ಗಾಲಿಕುರ್ಚಿಗೂ ಇಂಥದ್ದೇ ಗತಿ: ಓಪನ್‌ಸಿನಾರಿಯೊದಲ್ಲಿ ಪಾದಚಾರಿ, ಒಎಸ್‌ಐನಲ್ಲಿ ವಾಹನ. ಆದ್ದರಿಂದ ವಾಹನ ಪಟ್ಟಿ ಮಾತ್ರ ಇಟ್ಟುಕೊಂಡು ಕೂತರೆ ಆಗುವುದಿಲ್ಲ, ಪಾದಚಾರಿ ಪಟ್ಟಿಯನ್ನೂ ಜೊತೆಗೆ ತೆರೆದಿಡಿ.

ಸುಮೊದಲ್ಲಿ ವರ್ಗ ಬರೆಯುವುದು ಮರೆತರೆ ಅದು ಗಾಡಿಯನ್ನು ಪ್ಯಾಸೆಂಜರ್ ಕಾರ್ ಎಂದುಕೊಳ್ಳುತ್ತದೆ. ಉದ್ದ 5 ಮೀಟರ್, ಗರಿಷ್ಠ ವೇಗ ಗಂಟೆಗೆ 200 ಕಿಲೋಮೀಟರ್. ರಸ್ತೆಯ ವೇಗಮಿತಿ ತಡೆಯುತ್ತದೆ ನಿಜ, ಆದರೂ 80ರಲ್ಲಿ ಓಡುವ ಚಕ್ಕಡಿ ನೋಡಬೇಕೆಂದರೆ ಇದೇ ದಾರಿ.

ಬಸ್ಸು, ಕ್ರೂಸರ್, ಮೊಪೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮೊದಲ್ಲಿ ಊರೊಳಗಿನ ಬಸ್ಸಿಗೂ ದೂರದ ಬಸ್ಸಿಗೂ ಬೇರೆ ವರ್ಗ, ಉಳಿದ ಕಡೆ ಒಂದೇ. ಬಾಗಲಕೋಟೆಯ ವಾಯವ್ಯ ಸಾರಿಗೆ ಬಸ್ಸಿಗೂ ವಿಜಯಪುರದ ಕಲ್ಯಾಣ ಸಾರಿಗೆ ಬಸ್ಸಿಗೂ ಪಾತ್ರ ಸಾರ್ವಜನಿಕ ಸಾರಿಗೆ. ಕ್ರೂಸರ್ ಎಂದರೆ ವ್ಯಾನ್. ಮೊಪೆಡ್ ಸುಮೊದಲ್ಲಿ ಮಾತ್ರ ಬೇರೆ, ಉಳಿದಲ್ಲಿ ಮೋಟರ್‌ಬೈಕ್.

ಹೆಜ್ಜೆ 5: ಗಾಡಿಯ ಯಾವ ಬಿಂದು?

ವರ್ಗ ಸರಿಯಾಗಿ ಕೂತರೂ ಜಾಗ ತಪ್ಪಬಹುದು. "ಬಸ್ ಇಲ್ಲಿದೆ" ಎಂದರೆ ಬಸ್ಸಿನ ಯಾವ ಭಾಗ ಇಲ್ಲಿದೆ? ಓಪನ್‌ಸಿನಾರಿಯೊ ಹಿಂದಿನ ಅಚ್ಚಿನ ನಡುವಿನಿಂದ ಅಳೆಯುತ್ತದೆ. ಒಎಸ್‌ಐ ಗಾಡಿಯನ್ನು ಸುತ್ತುವರಿದ ಪೆಟ್ಟಿಗೆಯ ನಟ್ಟನಡುವಿನಿಂದ. ಸುಮೊ ಮುಂದಿನ ಬಂಪರ್‌ನಿಂದ. 12 ಮೀಟರ್ ಬಸ್ಸಿಗೆ ಒಎಸ್‌ಐ ಮತ್ತು ಸುಮೊ ನಡುವೆಯೇ 6 ಮೀಟರ್ ವ್ಯತ್ಯಾಸ. ಓವರ್‌ಟೇಕ್ ಪರೀಕ್ಷೆಯಲ್ಲಿ 6 ಮೀಟರ್ ಎಂದರೆ ಬದುಕು–ಸಾವಿನ ಅಂತರ. ಪ್ರತಿ ವರ್ಗಕ್ಕೂ ಪೆಟ್ಟಿಗೆಯ ನಡುವಿನಿಂದ ಹಿಂದಿನ ಅಚ್ಚಿಗೆ ಎಷ್ಟು ದೂರ ಎಂದು ನಿಮ್ಮ ಪಟ್ಟಿಯಲ್ಲೇ ಒಂದು ಕಾಲಂ ಇಡಿ.

ಹೆಜ್ಜೆ 6: ಪ್ರವೇಶ

ಓಪನ್‌ಡ್ರೈವ್ ಲೇನ್ ಪ್ರವೇಶಕ್ಕೆ ತನ್ನದೇ ಪದಗಳನ್ನು ಬಳಸುತ್ತದೆ: ಪ್ಯಾಸೆಂಜರ್ ಕಾರ್, ಬಸ್, ಟ್ಯಾಕ್ಸಿ, ಮೋಟರ್‌ಸೈಕಲ್, ಬೈಸಿಕಲ್ ಹೀಗೆ. ಇಲ್ಲೂ ಆಟೊ ಇಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ನೀವು ಆಟೊವನ್ನು ಕಾರ್ ಎಂದು ಹೊಂದಿಸಿದ್ದರೆ ಸಿಮ್ಯುಲೇಶನ್‌ನಲ್ಲಿ ಅದು ಆ ಪಥಕ್ಕೆ ಆರಾಮಾಗಿ ಏರುತ್ತದೆ. ಹಾಗಾಗಿ ಪ್ರವೇಶವನ್ನು ಆಕಾರದಿಂದ ಲೆಕ್ಕ ಹಾಕದೆ, ಹೆಜ್ಜೆ 2ರಲ್ಲಿ ಮಾಡಿದ ಪ್ರತ್ಯೇಕ ಕಾಲಂನಿಂದ ತೆಗೆದುಕೊಳ್ಳಬೇಕು.

ಹೆಜ್ಜೆ 7: ಹೋಗಿ ಬರುವ ಪರೀಕ್ಷೆ

ನಡುವಿನ ಪಟ್ಟಿಯ ಪ್ರತಿ ಸಾಲನ್ನೂ ಒಂದು ಮಾನದಂಡಕ್ಕೆ ಕಳಿಸಿ, ಅಲ್ಲಿಂದ ವಾಪಸ್ ತನ್ನಿ. ಹೊರಟದ್ದೇ ಬಂದರೆ ಸರಿ. ಬೇರೆ ಬಂದರೆ ಅದನ್ನು ನಷ್ಟದ ಪಟ್ಟಿಗೆ ಹಾಕಿ. ನಷ್ಟ ಇರುವುದು ತಪ್ಪಲ್ಲ, ಬರೆಯದೆ ಬಿಡುವುದು ತಪ್ಪು. ಒಎಸ್‌ಐನಲ್ಲಿ ಪ್ರತಿ ವಸ್ತುವಿಗೂ ಅದರ ಮೂಲ ಯಾವುದು ಎಂದು ಸೂಚಿಸುವ ಒಂದು ಜಾಗ ಇದೆ. ನಿಮ್ಮ ಸಂಕೇತ ಅಲ್ಲಿ ಇಟ್ಟರೆ ಟಂಟಂ "ಅದರ್" ಆಗಿ ಹೋದರೂ ಟಂಟಂ ಆಗಿಯೇ ಮರಳಿ ಬರುತ್ತದೆ.

ಕ್ಯಾಮೆರಾ ಮಾದರಿಗೆ ತರಬೇತಿ ಕೊಡುವ ಚಿತ್ರಗಳೂ ನಿಮ್ಮ ಪ್ರಾಜೆಕ್ಟಿನಲ್ಲಿದ್ದರೆ ಇನ್ನೊಂದು ಕಾಲಂ ಸೇರಿಸಿ. ಹೈದರಾಬಾದಿನ ಐಐಐಟಿ ಜೊತೆ ಸೇರಿ ಮಾಡಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಹೈದರಾಬಾದ್, ಬೆಂಗಳೂರು ಸುತ್ತಲಿನ 10,000 ಚಿತ್ರಗಳಿವೆ, 34 ವರ್ಗಗಳಿವೆ. ಆಟೊಗೆ ಅಲ್ಲಿ ಸ್ವಂತ ಹೆಸರಿದೆ. ಯಾವುದಕ್ಕೂ ಸೇರದ ಗಾಡಿಗಳಿಗೆಂದೇ ಒಂದು ವರ್ಗವನ್ನೂ ಇಟ್ಟಿದ್ದಾರೆ. ಟ್ರ್ಯಾಕ್ಟರ್, ಚಕ್ಕಡಿಗಳನ್ನು ಹೊಂದಿಸುವಾಗ ಮೊದಲು ಅದನ್ನು ನೋಡಿ.

ಹೆಜ್ಜೆ 8: ಆವೃತ್ತಿ ಬರೆಯಿರಿ, ಕೊರತೆ ತಿಳಿಸಿ

ಕೋಷ್ಟಕವನ್ನು ಸಾದಾ ಸಿಎಸ್‌ವಿ ಫೈಲಿನಲ್ಲಿ ಇಟ್ಟು, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಹಾಕಿ. ಪ್ರತಿ ಕಾಲಂ ತಲೆಯ ಮೇಲೆ ಯಾವ ಮಾನದಂಡ, ಯಾವ ಆವೃತ್ತಿ ಎಂದು ಬರೆಯಿರಿ. ಕೋಡಿನಲ್ಲಿ ವರ್ಗದ ಸಂಖ್ಯೆ ಬಳಸದೆ ಹೆಸರನ್ನೇ ಬಳಸಿ. 7 ಎಂದು ಬರೆದದ್ದು ಹೆವಿ ಟ್ರಕ್ ಎಂದು ಆರು ತಿಂಗಳ ಮೇಲೆ ನಿಮಗೇ ನೆನಪಿರುವುದಿಲ್ಲ.

ಒಎಸ್‌ಐ ಮೂಲ ಫೈಲುಗಳು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿವೆ. ಅಲ್ಲಿ ಯಾರು ಬೇಕಾದರೂ ಸಲಹೆ ಬರೆಯಬಹುದು. ಮೂರು ಗಾಲಿಯ ವಾಹನಕ್ಕೆ ಸ್ವಂತ ವರ್ಗ ಬೇಕು ಎಂದು ಕೇಳುವುದಾದರೆ ಬರೀ "ಭಾರತದಲ್ಲಿ ಆಟೊ ಬಹಳ ಇವೆ" ಎಂದರೆ ಸಾಲದು. ಎಲ್5 ಎಂಬ ಕಾನೂನಿನ ಗುಂಪು, ನೀವು ತೆಗೆದ ಅಳತೆಗಳು, ನಂಬರ್ ಪ್ಲೇಟ್ ಮತ್ತು ಮುಖ ಮಸುಕು ಮಾಡಿದ ಎರಡು ಮೂರು ಚಿತ್ರ, ಜೊತೆಗೆ ಹೆಜ್ಜೆ 7ರ ನಷ್ಟದ ಪಟ್ಟಿ. ಇಷ್ಟನ್ನು ಸೇರಿಸಿ ಕಳಿಸಿ. ಟ್ರ್ಯಾಕ್ಟರ್‌ಗೆ ಬೇರೆ ಸಲಹೆಯನ್ನೇ ಬರೆಯಿರಿ. ಎರಡನ್ನೂ ಒಂದರಲ್ಲೇ ತುರುಕಿದರೆ ಚರ್ಚೆ ಎಳೆದು ಎರಡೂ ನಿಲ್ಲುತ್ತವೆ.